ಒಡೆಯ ಗಡಿಯಾರ, ಆಳು ಗಡಿಯಾರ



ಪೋಸ್ಟ್ ಉದ್ದ ಇದೆ. ಈಗ ಟೈಮಿಲ್ಲ ಅಂದ್ರೆ ಸೇವ್ ಮಾಡ್ಕೊಂಡು ರಾತ್ರಿ ಓದಿ. ಬರೆದಿರೋದೂ ಟೈಮಿನ ಬಗ್ಗೇನೇ.

ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಕ್ಲರ್ಕ್ ಆಗಿರೋ ಆಫೀಸಿನಿಂದ ಸ್ವಲ್ಪ ದೂರದಲ್ಲಿ ಒಂದು ಗುಜರಿ ಶೆಡ್ ಇದೆ. ಮಧ್ಯಾಹ್ನ ಚಹಾಕ್ಕೆ ಹೋಗೋ ದಾರಿ ಅದು. ಹೋದ ಮಳೆಗಾಲದಲ್ಲಿ ಅಲ್ಲಿ ಸುಟ್ಟ ಮೋಟರು, ಹರಿದ ಬೆಲ್ಟು, ತುಕ್ಕು ಹಿಡಿದ ಪೈಪುಗಳ ನಡುವೆ ನನ್ನ ಎದೆಮಟ್ಟದ ಒಂದು ಮರದ ಪೆಟ್ಟಿಗೆ ಗೋಡೆಗೆ ಒರಗಿ ನಿಂತಿತ್ತು. ಗಾಜಿನ ಬಾಗಿಲು. ಮೇಲ್ಗಡೆ ದುಂಡಗೆ ಕೊರೆದ ಖಾಲಿ ಜಾಗ. ಒಳಗೆ ಒಂದು ಉದ್ದ ಸರಳು, ಅದರ ತುದಿಗೆ ಡಬ್ಬಿಯಂಥ ಕಬ್ಬಿಣದ ಗುಂಡು. ಎತ್ತಿ ನೋಡಿದ್ರೆ ಐದಾರು ಕಿಲೋ. ಹಿತ್ತಾಳೆ ತಗಡಿನ ಮೇಲೆ ‘ಸಿಂಕ್ರೊನೋಮ್, ಲಂಡನ್’ ಅಂತ ಇಂಗ್ಲಿಷ್ ಅಕ್ಷರ.

"ಎಲ್ಲಿದು ಅಣ್ಣಾ?" ಅಂದೆ.

"ಯಾವ್ದೋ ಹಳೇ ಗಿರಣಿ ಮಾಲು. ಮುಖ ಯಾರೋ ಶೋಕಿಗೆ ಬಿಚ್ಕೊಂಡು ಹೋಗ್ಯಾರೆ. ಹಿತ್ತಾಳೆ ತೂಕಕ್ಕೆ ಹಾಕ್ತೀನಿ, ಮರ ಒಲಿಗೆ" ಅಂದ.

3,200 ರೂಪಾಯಿ ಕೊಟ್ಟು ತಂದೆ. ಮನೆಯವಳು ಎರಡು ದಿನ ಮಾತಾಡಲಿಲ್ಲ. ಮುಳ್ಳಿಲ್ಲದ ಗಡಿಯಾರಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ ಅಂತ ಅವಳ ಪ್ರಶ್ನೆ. ನ್ಯಾಯವಾದದ್ದೇ. ಆದ್ರೆ ನಾನು ಅದನ್ನ ಯಾಕೆ ತಂದೆ ಅಂತ ಹೇಳಬೇಕಂದ್ರೆ ನಮ್ಮಪ್ಪನ ಒಂದು ದಿನದ ಕಥೆ ಹೇಳಬೇಕು.

ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಗಿರಣೀಲಿ ಬದ್ಲಿ ಕೆಲಸಗಾರ. 1930ರ ದಶಕದಿಂದ ಒಂದಾದ ಮೇಲೆ ಒಂದು ಗಿರಣಿ ಎದ್ದು, ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡ ಊರು ನಮ್ಮದು. ಈಗಿನ ಹುಡುಗರಿಗೆ ಬೆಣ್ಣೆದೋಸೆ ಅಷ್ಟೇ ಗೊತ್ತು. ಅಪ್ಪನ ಕೆಲಸ ಬ್ಲೋ ರೂಮಿನಲ್ಲಿ, ಹತ್ತಿ ಬೇಲ್ ಬಿಚ್ಚಿ ಮಶೀನಿಗೆ ಹಾಕೋದು. ಹೊರಗೆ ಬಂದ್ರೆ ಹುಬ್ಬು ರೆಪ್ಪೆ ಎಲ್ಲಾ ಬೆಳ್ಳಗೆ. ಮನೇಲಿ ಗಡಿಯಾರ ಇರಲಿಲ್ಲ. ಗಿರಣಿ ಕೂಗೇ ನಮ್ಮ ಗಡಿಯಾರ. ಮೊದಲ ಕೂಗಿಗೆ ಅವ್ವ ಒಲೆ ಹಚ್ಚೋಳು, ಎರಡನೇದಕ್ಕೆ ಅಪ್ಪ ಚಪ್ಪಲಿ ಮೆಟ್ಟೋನು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ, ಗಾಳಿ ಆ ಕಡೆ ಇತ್ತೋ ಏನೋ, ಕೂಗು ಸರಿಯಾಗಿ ಕೇಳಲಿಲ್ಲ. ಅಪ್ಪ ಹೊತ್ತು ನೋಡಿ ಅಂದಾಜಿನ ಮೇಲೆ ಹೋದ. ಗೇಟಿನ ಗಡಿಯಾರದಲ್ಲಿ ಏಳು ದಾಟಿ ಆರು ನಿಮಿಷ. ಒಳಗೆ ಬಿಟ್ಟರು, ಕೆಲಸ ಪೂರ್ತಿ ಮಾಡಿಸಿಕೊಂಡರು, ಅರ್ಧ ದಿನದ ಪಗಾರ ಕಡಿದರು. "ಇನ್ನೂ ಹೊತ್ತಾಗಿಲ್ಲಲ್ರೀ" ಅಂದಿದ್ದಕ್ಕೆ ಟೈಮ್‌ಕೀಪರ್ ಅಂದನಂತೆ: "ಗಡಿಯಾರ ನೋಡಾಕೆ ಬರ್ತತೇನಲೇ ನಿನಗೆ?"

ಬರ್ತಿರಲಿಲ್ಲ. ಅದೇ ನೋವು. ಅವತ್ತು ರಾತ್ರಿ ಅಪ್ಪ ನನ್ನ ಸ್ಲೇಟು ತಗೊಂಡು ಪಕ್ಕದಲ್ಲಿ ಕೂತ. "ಗಡಿಯಾರ ಬರಿ. ದೊಡ್ಡ ಮುಳ್ಳು ಯಾವ್ದು, ಸಣ್ಣದು ಯಾವ್ದು, ಹೇಳಿಕೊಡು" ಅಂದ. ಎಂಟು ವರ್ಷದ ಮಗ ಅಪ್ಪನಿಗೆ ಮೇಷ್ಟ್ರಾದೆ. ಆಮೇಲೆ ಅಪ್ಪ ಒಂದು ಸೆಕೆಂಡ್ ಹ್ಯಾಂಡ್ ಎಚ್‌ಎಂಟಿ ಜನತಾ ವಾಚ್ ಕೊಂಡ. ಬೆಳಿಗ್ಗೆ ಎದ್ದು ಕೀ ಕೊಡೋವಾಗ ಅವನ ಮುಖದಲ್ಲಿ ಇದ್ದ ಗತ್ತು ನನಗೆ ಇನ್ನೂ ನೆನಪಿದೆ.

ಅದಕ್ಕೇ ‘ಗಿರಣಿ ಮಾಲು’ ಅಂದ ಕೂಡಲೇ ನನ್ನ ಕೈ ಜೇಬಿಗೆ ಹೋಯಿತು. ಇದು ಅಪ್ಪನ ಗಿರಣಿಯದ್ದೇ ಅಂತ ನಾನು ಹೇಳ್ತಿಲ್ಲ. ಹಂಗೆ ಹೇಳೋಕೆ ಸಾಕ್ಷಿ ಇಲ್ಲ.

ಇನ್ನು ರಿಪೇರಿ ಕಥೆ. ನನಗೆ ಗೊತ್ತಿರೋ ಹರಿಹರದ ಒಬ್ಬ ಹಿರಿಯರಿದ್ದಾರೆ. ಜೀವನವೆಲ್ಲಾ ಲೇತ್ ಮಶೀನಿನ ಜೊತೆ ಕಳೆದ ರಿಟೈರ್ಡ್ ಫಿಟ್ಟರ್. ನಾವೆಲ್ಲಾ ಚಾಚಾ ಅಂತೀವಿ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದ ಮೇಲೆ ಹರಿಹರ ಅಂದ್ರೆ ಲೇತು, ಲೇತು ಅಂದ್ರೆ ಹರಿಹರ ಅನ್ನೋ ಕಾಲ ಇತ್ತಲ್ಲ, ಆ ಕಾಲದ ಕೈ. ಚಾಚಾ ಬಂದು ಪೆಟ್ಟಿಗೆ ಮುಂದೆ ಕೂತು ಅರ್ಧ ಗಂಟೆ ಏನೂ ಮುಟ್ಟಲಿಲ್ಲ. ಸುಮ್ನೆ ನೋಡಿದರು.

"ಇದಕ್ಕೆ ಕೀ ಇಲ್ಲ ನೋಡು. ಸ್ಪ್ರಿಂಗೂ ಇಲ್ಲ. ಇದು ಬ್ಯಾಟರಿ ಮಾಲು. ಮನೆ ಕರೆಂಟಿಗೆ ಮಾತ್ರ ಹಚ್ಚಬ್ಯಾಡ, ಸುಟ್ಟು ಬೂದಿ ಆಗ್ತತಿ" ಅಂದರು.

ಬ್ಯಾಟರಿ ಗಡಿಯಾರ ಅಂದ್ರೆ ನಮಗೆ ಪೆನ್ಸಿಲ್ ಸೆಲ್ ಹಾಕೋ ಪ್ಲಾಸ್ಟಿಕ್ ಗಡಿಯಾರ ನೆನಪಾಗುತ್ತೆ. ಆದ್ರೆ ಕರೆಂಟಿನಿಂದ ಲೋಲಕ ಆಡಿಸೋ ವಿದ್ಯೆಗೆ 180 ವರ್ಷ ದಾಟಿದೆ. 1841ರಲ್ಲಿ ಅದರ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಬೇನ್. ಸ್ಕಾಟ್‌ಲೆಂಡಿನ ಉತ್ತರದ ಮೂಲೆಯ ಬಡ ರೈತನ ಮಗ. ಶಾಲೆಯಲ್ಲಿ ದಡ್ಡ ಅನಿಸಿಕೊಂಡು ಗಡಿಯಾರದವನ ಹತ್ರ ಕೆಲಸಕ್ಕೆ ಸೇರಿದ ಹುಡುಗ. ವಿದ್ಯುತ್ತಿನ ಬಗ್ಗೆ ಒಂದು ಉಪನ್ಯಾಸ ಇದೆ ಅಂತ ಗೊತ್ತಾಗಿ ಚಳಿಗಾಲದಲ್ಲಿ ಹತ್ತಾರು ಮೈಲಿ ನಡೆದು ಹೋಗಿ ಕೇಳಿ ಬಂದವನು. ಅವನು ತನ್ನ ಮಾದರಿಗಳನ್ನ ಲಂಡನ್ನಿನ ದೊಡ್ಡ ಪ್ರೊಫೆಸರ್ ಚಾರ್ಲ್ಸ್ ವೀಟ್‌ಸ್ಟನ್‌ಗೆ ತೋರಿಸಿದ. ಇದರಲ್ಲೇನೂ ಭವಿಷ್ಯ ಇಲ್ಲ ಅಂತ ಆತ ಹೇಳಿ ಕಳಿಸಿದ. ಕೆಲವೇ ತಿಂಗಳಲ್ಲಿ, 1840ರ ನವೆಂಬರಿನಲ್ಲಿ, ಅದೇ ಪ್ರೊಫೆಸರ್ ರಾಯಲ್ ಸೊಸೈಟಿಯಲ್ಲಿ ವಿದ್ಯುತ್ ಗಡಿಯಾರವನ್ನ ತನ್ನದು ಅಂತ ತೋರಿಸಿದ. ಬೇನ್ ಅದಕ್ಕೂ ಮೊದಲೇ ಅರ್ಜಿ ಹಾಕಿದ್ದರಿಂದ ಪೇಟೆಂಟ್ ಉಳಿಯಿತು. ಕೊನೆಗೆ 1877ರಲ್ಲಿ ಬಡತನದಲ್ಲೇ ತೀರಿಕೊಂಡ.

ನನಗೆ ಅವನ ಬ್ಯಾಟರಿ ಭಾಳ ಇಷ್ಟ ಆಯ್ತು. ಹಸಿ ನೆಲದಲ್ಲಿ ಒಂದು ಕಡೆ ಸತುವಿನ ತಗಡು, ಇನ್ನೊಂದು ಕಡೆ ತಾಮ್ರದ ತಗಡು ಹೂತು, ಅದರಿಂದಲೇ ಗಡಿಯಾರ ನಡೆಸುತ್ತಿದ್ದ. ಮಣ್ಣೇ ಬ್ಯಾಟರಿ. ಮಣ್ಣಿನ ಕೆಲಸ ಮಾಡೋರ ಮಗನಿಗೇ ಹೊಳೆಯೋ ಯೋಚನೆ ಅದು ಅಂತ ನನಗನ್ನಿಸ್ತು.

ನಮ್ಮ ಪೆಟ್ಟಿಗೆ ಅದರ ಮೊಮ್ಮಗ. 1895ರಲ್ಲಿ ಫ್ರಾಂಕ್ ಹೋಪ್-ಜೋನ್ಸ್ ಮತ್ತು ಜಾರ್ಜ್ ಬೋವೆಲ್ ಅನ್ನೋರು ಪೇಟೆಂಟ್ ಮಾಡಿಸಿದ ಪದ್ಧತಿ. ಕೆಲಸ ಹೀಗೆ: ಲೋಲಕ ಒಂದು ಸೆಕೆಂಡಿಗೆ ಅತ್ತ, ಇನ್ನೊಂದು ಸೆಕೆಂಡಿಗೆ ಇತ್ತ. ಹೋಗಿ ಬಂದಾಗಲೆಲ್ಲಾ ಒಂದು ಸಣ್ಣ ಕೊಕ್ಕೆ ಹದಿನೈದು ಹಲ್ಲಿನ ಚಕ್ರದ ಒಂದು ಹಲ್ಲು ಎಳೆಯುತ್ತೆ. 30 ಸೆಕೆಂಡಿಗೆ ಚಕ್ರ ಒಂದು ಸುತ್ತು. ಸುತ್ತು ಮುಗಿದ ಕೂಡಲೇ ಅದು ಒಂದು ಭಾರದ ತೋಳನ್ನ ಬಿಡಿಸುತ್ತೆ. ತೋಳು ಬಿದ್ದು ಲೋಲಕಕ್ಕೆ ಮೆತ್ತಗೆ ಒಂದು ತಳ್ಳು ಕೊಡುತ್ತೆ, ಇನ್ನೂ ಕೆಳಗೆ ಬಂದು ಕಾಂಟ್ಯಾಕ್ಟ್ ಮುಟ್ಟುತ್ತೆ. ಆಗ ಬ್ಯಾಟರಿಯ ಕರೆಂಟು ಕಾಯಿಲ್‌ಗೆ ಹೋಗಿ, ಅಯಸ್ಕಾಂತ ಆ ತೋಳನ್ನ ‘ಟಕ್’ ಅಂತ ಮೇಲಕ್ಕೆ ಎಸೆಯುತ್ತೆ. ಕರೆಂಟು ಹರಿಯೋದು ಒಂದು ಕ್ಷಣ. ದಿನಕ್ಕೆ ಹೀಗೆ 2,880 ಸಲ.

ಆ ಒಂದು ಕ್ಷಣದ ಕರೆಂಟು ಪೆಟ್ಟಿಗೆಯೊಳಗೇ ಮುಗಿಯೋದಿಲ್ಲ. ಅದೇ ವೈರು ಹೊರಗೆ ಹೋಗಿ, ಕಾರ್ಖಾನೆಯ ಗೇಟು, ನೂಲೋ ವಿಭಾಗ, ನೇಯೋ ವಿಭಾಗ, ಆಫೀಸು ಎಲ್ಲಾ ಕಡೆ ನೇತುಹಾಕಿದ ಗಡಿಯಾರಗಳ ಮೂಲಕ ಹಾದು ವಾಪಸ್ ಬರುತ್ತೆ. ಆ ಗಡಿಯಾರಗಳಲ್ಲಿ ಲೋಲಕ ಇಲ್ಲ, ಸ್ಪ್ರಿಂಗ್ ಇಲ್ಲ. ಒಂದು ಕಾಯಿಲ್, ಒಂದು ಹಲ್ಲಿನ ಚಕ್ರ, ಎರಡು ಮುಳ್ಳು ಅಷ್ಟೇ. ಕರೆಂಟು ಬಂದಾಗ ಅರ್ಧ ನಿಮಿಷ ಮುಂದಕ್ಕೆ ಹೆಜ್ಜೆ. ಬರದಿದ್ರೆ ನಿಂತಲ್ಲೇ ನಿಂತಿರುತ್ತೆ. ತನ್ನದೇ ಅನ್ನೋ ಟೈಮು ಅದಕ್ಕಿಲ್ಲ.

ಇಂಗ್ಲಿಷಿನಲ್ಲಿ ಇವಕ್ಕೆ ಏನಂತಾರೆ ಗೊತ್ತಾ? ಪೆಟ್ಟಿಗೆಯೊಳಗಿನದು ಮಾಸ್ಟರ್ ಕ್ಲಾಕ್. ಹೊರಗಿನವು ಸ್ಲೇವ್ ಕ್ಲಾಕ್. ಒಡೆಯ ಗಡಿಯಾರ, ಆಳು ಗಡಿಯಾರ. ಇದನ್ನ ನಾನು ಕಟ್ಟಿ ಹೇಳ್ತಿಲ್ಲ. ಯಂತ್ರಗಳಿಗೆ ಈ ಜೋಡಿ ಹೆಸರು ಹಚ್ಚಿದ ಮೊದಮೊದಲ ಬರಹಗಳಲ್ಲಿ ಒಂದು 1904ರದ್ದು. ಬರೆದವನು ಡೇವಿಡ್ ಗಿಲ್ ಅನ್ನೋ ಖಗೋಳ ವಿಜ್ಞಾನಿ, ವೀಕ್ಷಣಾಲಯದ ಗಡಿಯಾರಗಳ ಬಗ್ಗೆ. ಎಲ್ಲಿ ಕೂತು? ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ. ಅಲ್ಲಿ ಮನುಷ್ಯರನ್ನ ಗುಲಾಮರಾಗಿ ಇಟ್ಟುಕೊಳ್ಳೋದು ಕಾನೂನಿನ ಪ್ರಕಾರ ನಿಂತದ್ದು 1834ರಲ್ಲಿ. ಎಪ್ಪತ್ತು ವರ್ಷ ಆದ್ರೂ ಹೆಸರು ಹೋಗಿರಲಿಲ್ಲ, ಮನುಷ್ಯರ ಮೈಯಿಂದ ಇಳಿದು ಯಂತ್ರದ ಮೈಗೆ ಹತ್ತಿತ್ತು.

ಸರಿ, ರಿಪೇರಿಗೆ ಬರೋಣ.

ಮೊದಲ ದೋಷ ಕಣ್ಣಿಗೇ ಕಂಡಿತು. ಲೋಲಕವನ್ನ ತೂಗುಹಾಕೋ ತೆಳ್ಳನೆ ಉಕ್ಕಿನ ಪಟ್ಟಿ ಮುರಿದಿತ್ತು. ಲೋಲಕ ಬಿಚ್ಚದೆ ಲಾರಿಗೆ ಹೇರಿದ್ರೆ ಇದೇ ಗತಿ. ಚಾಚಾ ತಮ್ಮ ಹಳೇ ಫೀಲರ್ ಗೇಜಿನ ತೆಳ್ಳನೆ ಎಲೆಯೊಂದನ್ನ ಅದೇ ಅಳತೆಗೆ ಕತ್ತರಿಸಿ, ಎರಡೂ ತುದಿಗೆ ಹಿತ್ತಾಳೆ ಹಿಡಿಕೆ ಕೂರಿಸಿದರು. ಎರಡನೇದು ಕೊಳೆ. ಚಕ್ರದ ಹಲ್ಲುಗಳಲ್ಲಿ ಹಳೇ ಎಣ್ಣೆ ಗಟ್ಟಿಯಾಗಿ ಅಂಟಿನ ಹಂಗಾಗಿತ್ತು. ಪೆಟ್ರೋಲ್ ಅದ್ದಿದ ಬ್ರಷ್ಷಿನಲ್ಲಿ ತೊಳೆದು ಒಣಗಿಸಿದ್ವಿ. ಆಮೇಲೆ ಅಚ್ಚಿನ ತುದಿಗಳಿಗೆ ಮಾತ್ರ ಸೂಜಿ ಮೊನೆಯಷ್ಟು ಎಣ್ಣೆ. "ಹಲ್ಲಿಗೆ ಎಣ್ಣೆ ಹಾಕಿದ್ಯೋ, ಧೂಳು ಕರೆದು ಕೂರಿಸಿದಂಗೆ" ಅಂದರು ಚಾಚಾ. ಮೂರನೇದು ಕಾಂಟ್ಯಾಕ್ಟ್. ಕಿಡಿ ಹಾರಿ ಹಾರಿ ಕಪ್ಪಾಗಿತ್ತು. ಅರ ಹಚ್ಚಲಿಲ್ಲ, ಒರಟು ಕಾಗದವೊಂದನ್ನ ನಡುವೆ ಇಟ್ಟು ಎಳೆದೆಳೆದು ಹೊಳಪು ತರಿಸಿದ್ವಿ. ಕರೆಂಟು ಕಡಿಯೋವಾಗ ಕಾಯಿಲ್ಲೇ ಆ ಕಿಡಿ ಹುಟ್ಟಿಸೋದರಿಂದ ಅದಕ್ಕೆ ಅಡ್ಡಲಾಗಿ ಒಂದು ರೆಸಿಸ್ಟರ್ ಹಾಕಿದರು. ಕಿಡಿ ಅರ್ಧಕ್ಕರ್ಧ ಇಳಿಯಿತು.

ಬ್ಯಾಟರಿ ಬಗ್ಗೆ ಒಂದು ಮಾತು. ಆ ಕಾಲದಲ್ಲಿ ಇಂಥ ಗಡಿಯಾರಕ್ಕೆ ಗಾಜಿನ ಜಾಡಿಯ ಲೆಕ್ಲಾಂಶೆ ಸೆಲ್ ಇಡ್ತಿದ್ದರು. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಕಂಡುಹಿಡಿದದ್ದು. ಸತುವಿನ ಸರಳು, ಮ್ಯಾಂಗನೀಸ್ ಡೈಆಕ್ಸೈಡ್, ನವಸಾಗರದ ನೀರು. ಪಾತ್ರೆಗೆ ಕಲಾಯಿ ಹಾಕೋರು ಉಜ್ಜುತ್ತಾರಲ್ಲ, ಅದೇ ನವಸಾಗರ. ನಾವು ಟಾರ್ಚಿನ ನಾಲ್ಕು ದಪ್ಪ ಸೆಲ್ ಸಾಲಾಗಿ ಜೋಡಿಸಿದ್ವಿ. ಈ ಗಡಿಯಾರಕ್ಕೆ ಬೇಕಾದದ್ದು ಒಂದು ಆಂಪಿಯರಿನ ಮೂರನೇ ಒಂದು ಭಾಗ. ಮೀಟರ್ ನೋಡ್ಕೊಂಡು ಅಷ್ಟಕ್ಕೇ ಬರೋಹಂಗೆ ಸಾಲಿನಲ್ಲಿ ಒಂದು ರೆಸಿಸ್ಟರ್ ಸೇರಿಸಿದ್ವಿ.

ಲೋಲಕ ತಳ್ಳಿದ್ವಿ. ಚಕ್ರ ಎಣಿಸಿತು. ಮೂವತ್ತನೇ ಸೆಕೆಂಡಿಗೆ ತೋಳು ಬಿತ್ತು. ಬಿದ್ದದ್ದು ಏಳಲೇ ಇಲ್ಲ. ಲೋಲಕ ಸ್ವಲ್ಪ ಹೊತ್ತು ಆಡಿ ಆಡಿ ಸುಸ್ತಾಗಿ ನಿಂತಿತು.

ಕಾಯಿಲ್ ಮೀಟರಿಗೆ ಸರಿ ಇತ್ತು. ಸೆಲ್ ಹೊಸವು. ಕಾಂಟ್ಯಾಕ್ಟ್ ಕನ್ನಡಿ ಹಂಗೆ. ಮತ್ಯಾಕೆ? ಮೇಲಿನ ಖಾಲಿ ದುಂಡಿನ ಹಿಂದೆ ಎರಡು ಬೋಳು ವೈರು ನೇತಾಡ್ತಿದ್ದವು. ಅಲ್ಲಿ ಇರಬೇಕಾಗಿದ್ದ ಸಣ್ಣ ಆಳು ಗಡಿಯಾರವನ್ನ ಯಾರೋ ಬಿಚ್ಕೊಂಡು ಹೋಗಿದ್ದರಲ್ಲ, ಅದರ ತುದಿಗಳು. ಅವೆರಡನ್ನ ಸೇರಿಸಿದ್ವಿ. ಆದ್ರೂ ಇಲ್ಲ. ಎರಡು ಭಾನುವಾರ ಹಾಳಾದವು.

ಮೂರನೇ ಭಾನುವಾರ ಚಾಚಾ ಪೆಟ್ಟಿಗೆಯ ತಲೆ ಮೇಲೆ ಕೈಯಾಡಿಸಿದರು. ಧೂಳಿನಡಿಯಲ್ಲಿ ಎರಡು ಹಿತ್ತಾಳೆ ತಿರುಪು. ಒಂದರಲ್ಲಿ ಬಟ್ಟೆ ಸುತ್ತಿದ ಹಳೇ ವೈರಿನ ತುಂಡು ಇನ್ನೂ ಕಚ್ಕೊಂಡಿತ್ತು. ಗಿರಣಿಯ ಗಡಿಯಾರಗಳಿಗೆಲ್ಲಾ ಹೋಗ್ತಿದ್ದ ಲೈನು ಶುರುವಾಗೋ ಜಾಗ ಅದು.

"ಎಲ್ಲಾ ಒಂದೇ ಸಾಲಿನಾಗೆ ಐತಲ್ಲಪ್ಪ! ಒಂದೇ ದಾರ. ಆ ಕಡೆ ಆಳುಗಳು ಇಲ್ಲ ಅಂದ್ಮ್ಯಾಲೆ ದಾರ ಕಡಿದಂಗೆ. ಒಡೆಯ ಎಲ್ಲಿಂದ ಎದ್ದಾನು?" ಅಂದರು ಚಾಚಾ.

ಎರಡು ತಿರುಪಿಗೂ ಗೇಣುದ್ದ ವೈರು ಕಟ್ಟಿದ್ವಿ. ಮೂವತ್ತು ಸೆಕೆಂಡು. ಟಕ್! ತೋಳು ಮೇಲಕ್ಕೆ ಹಾರಿತು. ನನ್ನ ಮಗಳು ಚಪ್ಪಾಳೆ ತಟ್ಟಿದಳು. ನಾನು ಸುಮ್ನೆ ಕೂತುಬಿಟ್ಟೆ.

ಯಾಕಂದ್ರೆ ಅಷ್ಟು ದಿನ ನಾನು ತಿಳ್ಕೊಂಡದ್ದು ಒಡೆಯ ನಿಂತ್ರೆ ಆಳುಗಳು ನಿಲ್ತಾರೆ ಅಂತ. ಅದು ನಿಜ. ಆದ್ರೆ ಈ ಪೆಟ್ಟಿಗೆಯಲ್ಲಿ ಉಲ್ಟಾನೂ ನಿಜ. ಸಾಲಿನಲ್ಲಿ ಒಂದು ಆಳು ಗಡಿಯಾರದ ವೈರು ಕಡಿದರೂ ಎಲ್ಲವೂ ನಿಲ್ತವೆ, ಬೀಗ ಹಾಕಿದ ಪೆಟ್ಟಿಗೆಯೊಳಗಿನ ಒಡೆಯನೂ ನಿಲ್ತಾನೆ. ಇದನ್ನೇ ಮನುಷ್ಯರು ಮಾಡಿದ್ರೆ ಅದಕ್ಕೆ ಮುಷ್ಕರ ಅಂತಾರೆ.

ಇದೇ ಕಂಪನಿಯ ಇನ್ನೊಂದು ಗಡಿಯಾರದ ಕಥೆ ಹೇಳಲೇಬೇಕು. 1921ರಲ್ಲಿ ವಿಲಿಯಂ ಶಾರ್ಟ್ ಅನ್ನೋ ರೈಲ್ವೆ ಎಂಜಿನಿಯರ್ ಹೋಪ್-ಜೋನ್ಸ್ ಜೊತೆ ಸೇರಿ ಎಡಿನ್‌ಬರೋ ವೀಕ್ಷಣಾಲಯದಲ್ಲಿ ಒಂದು ಗಡಿಯಾರ ಇಟ್ಟ. ಗಾಳಿ ತೆಗೆದು ಮುಚ್ಚಿದ ತಾಮ್ರದ ಕೊಳವೆಯೊಳಗೆ ಒಂದು ಲೋಲಕ. ಅದು ಏನನ್ನೂ ಮುಟ್ಟೋದಿಲ್ಲ, ಹಲ್ಲು ಎಣಿಸೋದಿಲ್ಲ, ಮುಳ್ಳು ತಿರುಗಿಸೋದಿಲ್ಲ. ಸುಮ್ನೆ ಆಡೋದಷ್ಟೇ. ಎಣಿಸೋದು, ಬಿಡಿಸೋದು, 30 ಸೆಕೆಂಡಿಗೊಮ್ಮೆ ಅದಕ್ಕೆ ತಳ್ಳು ಸಿಗೋಹಂಗೆ ನೋಡ್ಕೊಳ್ಳೋದು ಎಲ್ಲಾ ಪಕ್ಕದ ಆಳು ಗಡಿಯಾರದ ಕೆಲಸ. ಕೊಳವೆಯೊಳಗಿನದಕ್ಕೆ ‘ಫ್ರೀ ಪೆಂಡುಲಮ್’, ಸ್ವತಂತ್ರ ಲೋಲಕ ಅಂತ ಹೆಸರು. ಅದು ವರ್ಷಕ್ಕೆ ಹೆಚ್ಚು ಕಮ್ಮಿ ಒಂದು ಸೆಕೆಂಡ್ ಮಾತ್ರ ತಪ್ಪುತ್ತಿತ್ತು. ಜಗತ್ತಿಗೇ ಟೈಮ್ ಹೇಳ್ತಿದ್ದ ಗ್ರೀನಿಚ್ ಕೂಡ ಅದನ್ನೇ ಇಟ್ಟುಕೊಂಡಿತು.

ಓದಿದ ಕೂಡಲೇ ನನಗೆ ಹೊಳೆದದ್ದು ಒಂದೇ ಪದ, ಮಡಿ. ಯಾವ ಕೆಲಸವನ್ನೂ ಮುಟ್ಟದೆ ಶುದ್ಧವಾಗಿರೋದು. ಆ ಶುದ್ಧಿ ಉಳಿಯೋದು ಪಕ್ಕದಲ್ಲಿ ಇನ್ನೊಬ್ಬ ಎಲ್ಲವನ್ನೂ ಮುಟ್ಟಿ ಮಾಡ್ತಿರೋದರಿಂದ. ಕೀರ್ತಿ ಮಾತ್ರ ಕೊಳವೆಯೊಳಗಿನವನಿಗೆ. ಗಡಿಯಾರದ ತಪ್ಪೇನೂ ಇಲ್ಲ, ಅದು ಜಾಣ ಯಂತ್ರ. ಮನುಷ್ಯರು ಹಂಗೆ ಬದುಕಿದಾಗ ತಪ್ಪು.

ಗಿರಣಿಯಲ್ಲೂ ಮಡಿ ಇತ್ತು ಅಂದ್ರೆ ನಂಬ್ತೀರಾ? ಬೊಂಬಾಯಿ ಗಿರಣಿಗಳಲ್ಲಿ ಅಸ್ಪೃಶ್ಯರನ್ನ ಪಗಾರ ಜಾಸ್ತಿ ಇದ್ದ ನೇಯೋ ವಿಭಾಗಕ್ಕೆ ಸೇರಿಸ್ತಿರಲಿಲ್ಲ. ಕಾರಣ, ನೂಲು ಕಡಿದಾಗ ಲಾಳಿಗೆ ಬಾಯಿಟ್ಟು ಎಳೆಯಬೇಕಿತ್ತು. ನಮ್ಮವರ ಬಾಯಿ ತಾಗಿದ ಲಾಳಿಗೆ ಬೇರೆ ಜಾತಿಯವರು ಬಾಯಿಡಲ್ಲ ಅಂದರು. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಇದನ್ನೇ ಹಿಡಿದು ಕೇಳಿದರು: ಕಾರ್ಮಿಕರ ಐಕ್ಯತೆ ಅಂತೀರಿ, ಇದು ನಿಮ್ಮ ಬೇಡಿಕೆ ಪಟ್ಟಿಯಲ್ಲಿ ಯಾಕಿಲ್ಲ ಅಂತ. ಮನುಷ್ಯರ ಸಾಲಿನಲ್ಲಿ ವೈರು ಕಡಿದಿದ್ದ ಜಾಗ ಅದೇ.

ಈಗ ಗಂಟೆಗಳ ಲೆಕ್ಕಕ್ಕೆ ಬರ್ತೀನಿ. ಎಂಟು ಗಂಟೆ ಕೆಲಸ ಒಂದೇ ದಿನದಲ್ಲಿ ಬಂತು ಅನ್ನೋ ಹಂಗೆ ವಾಟ್ಸಾಪಿನಲ್ಲಿ ಬರುತ್ತೆ. ಹಂಗಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬಂತು. 1881ರ ಮೊದಲ ಕಾರ್ಖಾನೆ ಕಾಯ್ದೆ ಮಕ್ಕಳ ಬಗ್ಗೆ ಮಾತ್ರ ಮಾತಾಡಿತು, 7 ವರ್ಷದ ಮಗು 9 ಗಂಟೆ ದುಡೀಬಹುದು ಅಂತ! ವಾರಕ್ಕೊಂದು ರಜೆ ಕೂಡ ಇರಲಿಲ್ಲ. ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಬೊಂಬಾಯಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ಗಂಟೆ ಮಿತಿ. 1922ರಲ್ಲಿ ದಿನಕ್ಕೆ 11, ವಾರಕ್ಕೆ 60. 1934ರಲ್ಲಿ ದಿನಕ್ಕೆ 10, ವಾರಕ್ಕೆ 54. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಅವರು ಮಂಡಿಸಿದ ತಿದ್ದುಪಡಿಯಿಂದ 1946ರಲ್ಲಿ ವಾರಕ್ಕೆ 48 ಗಂಟೆ ಆಯಿತು. ಆರು ದಿನಕ್ಕೆ ಹಂಚಿದ್ರೆ ದಿನಕ್ಕೆ ಎಂಟು. ದಾವಣಗೆರೆ ಆಗ ಮೈಸೂರು ಸಂಸ್ಥಾನದಲ್ಲಿತ್ತು, ಬ್ರಿಟಿಷ್ ಇಂಡಿಯಾದ ಕಾಯ್ದೆ ನೇರವಾಗಿ ನಮಗೆ ಬರ್ತಿರಲಿಲ್ಲ. ಅದೇ 48 ಗಂಟೆಯನ್ನ ಇಟ್ಟುಕೊಂಡ 1948ರ ಕಾರ್ಖಾನೆ ಕಾಯ್ದೆ ಗಣರಾಜ್ಯ ಆದಮೇಲೆ ನಮ್ಮ ಕಡೆಗೂ ಬಂತು. ಆ ಕಾಯ್ದೆಯಲ್ಲಿ ನನಗೆ ದೊಡ್ಡದಾಗಿ ಕಾಣೋದು ಒಂದು ಸಣ್ಣ ಮಾತು: ಕೆಲಸದ ವೇಳೆಯನ್ನ ಎಲ್ಲರಿಗೂ ಕಾಣೋಹಂಗೆ ಬರೆದು ಹಾಕಬೇಕು. ಪೆಟ್ಟಿಗೆಯೊಳಗಿದ್ದ ಟೈಮನ್ನ ಗೋಡೆ ಮೇಲೆ ತಂದ ಮಾತು ಅದು.

ಅಪ್ಪನ ಆರು ನಿಮಿಷ? ಅದಕ್ಕೂ ಕಾನೂನಿತ್ತು. 1936ರ ವೇತನ ಪಾವತಿ ಕಾಯ್ದೆ, 9ನೇ ಸೆಕ್ಷನ್. ಕೆಲಸಕ್ಕೆ ಎಷ್ಟು ಹೊತ್ತು ಇರಲಿಲ್ಲವೋ ಅಷ್ಟು ಹೊತ್ತಿನ ಪಗಾರಕ್ಕಿಂತ ಜಾಸ್ತಿ ಕಡಿಯೋ ಹಂಗಿಲ್ಲ. ಆರು ನಿಮಿಷಕ್ಕೆ ಆರು ನಿಮಿಷದ ದುಡ್ಡು, ಅಷ್ಟೇ. ಅಪ್ಪನಿಗೆ ಗಡಿಯಾರ ನೋಡಾಕೆ ಬರ್ತಿರಲಿಲ್ಲ ನಿಜ. ಕಡಿದವರಿಗೆ ಕಾನೂನು ಓದೋಕೆ ಬರ್ತಿತ್ತಲ್ಲ?

ಇನ್ನೊಂದು ಲೆಕ್ಕಾನೂ ಹಾಕಿದೆ. ಇಡೀ ದೇಶಕ್ಕೆ ಒಂದೇ ಟೈಮು ಅಂತ ಜಾರಿಗೆ ಬಂದದ್ದು 1906ರ ಜನವರಿ 1ಕ್ಕೆ, ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದಲ್ಲಿ. ದಾವಣಗೆರೆ ಇರೋದು ಸುಮಾರು 75.9 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ನಮ್ಮೂರಿನಲ್ಲಿ ಸೂರ್ಯ ನೆತ್ತಿಗೆ ಬರೋದು ಸರಾಸರಿ 12 ಗಂಟೆ 26 ನಿಮಿಷಕ್ಕೆ. ನವೆಂಬರಿನಲ್ಲಿ 12.10ರ ಹತ್ತಿರ, ಫೆಬ್ರವರಿಯಲ್ಲಿ 12.40ರ ಹತ್ತಿರ. ಅಂದ್ರೆ ಹೊತ್ತು ನೋಡಿ ಹೊರಟ ಅಪ್ಪ ಸೂರ್ಯನ ಲೆಕ್ಕದಲ್ಲಿ ತಡ ಆಗಿರಲಿಲ್ಲ. ಸೂರ್ಯನೇ ಗೇಟಿನ ಗಡಿಯಾರಕ್ಕಿಂತ ತಡ. ಆ ದಿನ ಗಿರಣಿ ಗಡಿಯಾರ ಮುಂದಿತ್ತೋ ಸರಿಯಿತ್ತೋ ನನಗೆ ಗೊತ್ತಾಗೋ ದಾರಿ ಇಲ್ಲ. ಒಂದು ಮಾತ್ರ ಈ ಪೆಟ್ಟಿಗೆ ಬಿಚ್ಚಿದ ಮೇಲೆ ಖಾತ್ರಿಯಾಯ್ತು. ಇಂಥ ಪೆಟ್ಟಿಗೆಯ ಬೀಗದ ಕೈ ಯಾರ ಹತ್ರ ಇರುತ್ತೋ ಇಡೀ ಕಾರ್ಖಾನೆಯ ಟೈಮು ಅವರ ಕೈಯಲ್ಲಿರುತ್ತೆ. ಆ ತೋಳನ್ನ ಒಂದು ಬೆರಳಿನಿಂದ ಎರಡು ಸಲ ಬೀಳಿಸಿದ್ರೆ ಸಾಕು, ಎಲ್ಲಾ ಗೋಡೆಗಳ ಮೇಲೂ ಒಂದು ನಿಮಿಷ ಮುಂದೆ.

ಗಡಿಯಾರ ಈಗ ನಮ್ಮ ನಡುಮನೆಯ ಕಲ್ಲುಗೋಡೆ ಮೇಲಿದೆ. ಆಫೀಸಿನ ತಗಡಿನ ಶೆಡ್ಡಿನಲ್ಲಿ ಲಾರಿ ಹೋದ್ರೆ ಗೋಡೆನೇ ಅಲ್ಲಾಡುತ್ತೆ, ಅಲ್ಲಿ ಲೋಲಕ ನಿಲ್ಲಲ್ಲ. ಮುಖ ಇನ್ನೂ ಸಿಕ್ಕಿಲ್ಲ. ಟೈಮ್ ಸರಿ ಮಾಡಿದ್ದು ಶಬ್ದದಿಂದ. ‘ಟಕ್’ ಅಂದಾಗ ಫೋನಿನಲ್ಲಿ ಎಷ್ಟನೇ ಸೆಕೆಂಡು ಅಂತ ಮಗಳು ಬರೆದಿಡ್ತಾಳೆ, ಮರುದಿನ ಮತ್ತೆ ನೋಡ್ತಾಳೆ. ಲೋಲಕದ ಉದ್ದ ಒಂದು ಮಿಲಿಮೀಟರ್ ಬದಲಾದ್ರೆ ದಿನಕ್ಕೆ 43 ಸೆಕೆಂಡ್ ವ್ಯತ್ಯಾಸ. ಅದಕ್ಕೇ ಕೆಳಗಿನ ನಟ್ಟನ್ನ ಕೂದಲೆಳೆಯಷ್ಟು ತಿರುಗಿಸಬೇಕು. ಗುಂಡು ಮೇಲೇರಿದ್ರೆ ಜೋರು, ಕೆಳಗಿಳಿದ್ರೆ ನಿಧಾನ. ಸರಳು ಇನ್ವಾರ್ ಅನ್ನೋ ಉಕ್ಕು-ನಿಕ್ಕಲ್ ಮಿಶ್ರಲೋಹದ್ದು, ಬಿಸಿಲಿಗೆ ಹಿಗ್ಗೋದು ಅತಿ ಕಮ್ಮಿ. ಅದನ್ನ ಕಂಡುಹಿಡಿದ ಶಾರ್ಲ್ ಗಿಯೋಮ್‌ಗೆ 1920ರ ನೊಬೆಲ್ ಬಂತು. ಅವನೂ ಗಡಿಯಾರದವರ ಮನೆಯ ಮಗನೇ. ಸಾದಾ ಉಕ್ಕಾಗಿದ್ರೆ ನಮ್ಮ ಏಪ್ರಿಲ್ ಸೆಖೆಗೆ ದಿನಕ್ಕೆ ಐದಾರು ಸೆಕೆಂಡ್ ಹಿಂದೆ ಬೀಳ್ತಿತ್ತು.

ಇಲ್ಲಿಗೆ ಮುಗಿಸಿದ್ರೆ ಲೈಕ್ ಸಿಗುತ್ತೆ. ಆದ್ರೆ ಒಂದು ಮಾತು ಬಾಕಿ ಇದೆ, ನನ್ನದೇ.

ನಾನು ಕೆಲಸ ಮಾಡೋ ಕಡೆ ಹಾಜರಿ ತಗೊಳ್ಳೋದು ಬೆರಳಚ್ಚಿನ ಯಂತ್ರ. ಕಸ ಗುಡಿಸೋ, ಶೌಚಾಲಯ ತೊಳೆಯೋ ಗುತ್ತಿಗೆ ಹೆಣ್ಣುಮಕ್ಕಳು ಹತ್ತು ನಿಮಿಷ ತಡ ಆದ್ರೆ ಅದು ತಾನಾಗೇ ಅರ್ಧ ದಿನ ಕಡಿಯುತ್ತೆ. ಅವರಲ್ಲಿ ಹೆಚ್ಚಿನವರು ನಮ್ಮವರೇ. ತಿಂಗಳ ಕೊನೆಗೆ ಆ ಪಟ್ಟಿ ಪ್ರಿಂಟ್ ತೆಗೆದು ಗುತ್ತಿಗೆದಾರನಿಗೆ ಕಳಿಸೋದು ಯಾರು? ನಾನು. ಆರು ವರ್ಷದಿಂದ. ಏಪ್ರಿಲ್ 14ಕ್ಕೆ ವೇದಿಕೆ ಮೇಲೆ ಭಾಷಣ, 30ಕ್ಕೆ ಆ ಪಟ್ಟಿ. ಅಪ್ಪನ ಟೈಮ್‌ಕೀಪರನ್ನ ನಾನು ಜೀವನಪೂರ್ತಿ ಬೈದಿದ್ದೀನಿ. ಅವನ ಕುರ್ಚೀಲಿ ನಾನೇ ಕೂತಿದ್ದೀನಿ ಅಂತ ಗೊತ್ತಾಗೋಕೆ ಒಂದು ಗುಜರಿ ಗಡಿಯಾರ ಬೇಕಾಯ್ತು.

ಹೋದ ತಿಂಗಳು ಟಿಪ್ಪಣಿ ಬರೆದು ಮೇಲಿನವರಿಗೆ ಕೊಟ್ಟೆ. ಹಳೇ ಕಾಯ್ದೆಯ ಆ ನಿಯಮ 2019ರ ವೇತನ ಸಂಹಿತೆಯಲ್ಲೂ 20ನೇ ಸೆಕ್ಷನ್ ಆಗಿ ಇದೆ, ಅದನ್ನೂ ಲಗತ್ತಿಸಿದೆ. "ಸಾಫ್ಟ್‌ವೇರ್ ಹಂಗೈತಿ, ಏನ್ ಮಾಡೋಕಾಗ್ತದೆ?" ಅಂದರು. ಉತ್ತರ ಲಿಖಿತವಾಗಿ ಕೊಡಿ ಅಂದೆ. ಇನ್ನೂ ಬಂದಿಲ್ಲ. ಅಷ್ಟರೊಳಗೆ ನನ್ನ ಕೈಯಲ್ಲಾಗೋದು ಮಾಡಿದೆ. ಪ್ರತಿಯೊಬ್ಬರು ಎಷ್ಟು ನಿಮಿಷ ತಡ, ಅದಕ್ಕೆ ಎಷ್ಟು ರೂಪಾಯಿ, ಕಡಿದದ್ದೆಷ್ಟು ಅಂತ ಪೆನ್ನಿನಲ್ಲಿ ಬರೆದು ಒಂದೊಂದು ಚೀಟಿ ಅವರ ಕೈಗೇ ಕೊಟ್ಟೆ. ಒಬ್ಬ ಅಕ್ಕ ಚೀಟಿ ತಿರುಗಿಸಿ ಮುರುಗಿಸಿ ನೋಡಿ, "ಓದಿ ಹೇಳಪ್ಪ" ಅಂದಳು. ಅವಳ ಏಳು ನಿಮಿಷ ಮೀರಿದ ಹೊತ್ತಿಗೆ ಎಷ್ಟು ಹೋಗಬೇಕಿತ್ತು, ಎಷ್ಟು ಹೋಯ್ತು ಅಂತ ಓದಿ ಹೇಳಿದೆ. ಅವಳು ಆ ಚೀಟಿಯನ್ನ ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಇನ್ನೂ ಒಂದು ನೆನಪಿಡಿ. 2023ರಲ್ಲಿ ನಮ್ಮ ರಾಜ್ಯದಲ್ಲೇ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಅಂತ ಇಟ್ಟುಕೊಂಡೇ ದಿನಕ್ಕೆ 12 ಗಂಟೆವರೆಗೆ ದುಡಿಸಿಕೊಳ್ಳೋಕೆ ದಾರಿ ಮಾಡಿದರು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿ 144 ಆಯಿತು. ನೂರು ವರ್ಷ ಹತ್ತಿದ ಮೆಟ್ಟಿಲು ಇಳಿಯೋಕೆ ಒಂದು ಅಧಿವೇಶನ ಸಾಕಾಯ್ತು.

ದಾವಣಗೆರೆ, ಹರಿಹರದ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಮನೇಲಿ ಅಪ್ಪ, ಅಜ್ಜ, ಅವ್ವನ ಗಿರಣಿ ಕಾಲದ ಪಗಾರ ಚೀಟಿ, ಗೇಟ್ ಪಾಸು, ಯೂನಿಯನ್ ರಸೀದಿ ಇದ್ರೆ ರದ್ದಿಗೆ ಹಾಕಬೇಡಿ. ಫೋಟೋ ತೆಗೆದು ಕಳಿಸಿ. ಎಷ್ಟು ನಿಮಿಷಕ್ಕೆ ಎಷ್ಟು ಕಡಿದಿದ್ದರು ಅಂತ ಒಂದು ಲೆಕ್ಕ ಬರೆದಿಡೋಣ. ಮತ್ತೆ ಈ ತಿಂಗಳ ನಿಮ್ಮ ಪಗಾರ ಚೀಟೀನೂ ಒಮ್ಮೆ ನೋಡ್ಕೊಳ್ಳಿ.

ಜೈ ಭೀಮ್.